ಪ್ರವಾಸದ ದಿನಾಂಕ ನಮ್ಮದಲ್ಲ

ಪರದೇಶದಲ್ಲಿ ವರ್ಷಗಟ್ಟಲೆ ಬದುಕಿದವರಿಗೆ ಪ್ರವಾಸದ ಯೋಜನೆ ಹಾಕುವುದು ಕೈಗೆ ಕೂತ ಕೆಲಸ. ರಜೆ ಕೇಳುವುದು, ಟಿಕೆಟ್ ದರ ಇಳಿಯಿತೇ ಎಂದು ನೋಡುವುದು, ವೀಸಾಕ್ಕೆ ಅರ್ಜಿ ಹಾಕುವುದು, ಪೆಟ್ಟಿಗೆ ತೂಗುವುದು. ಮೊದಲು ದಿನಾಂಕ, ಉಳಿದದ್ದೆಲ್ಲ ಅದರ ಹಿಂದೆ. ನಾನೂ ನನ್ನ ಪತಿಯೂ ಮುಂದಿನ ದೊಡ್ಡ ರಜೆಗೆ ಹೀಗೆಯೇ ಒಂದು ದೇಶವನ್ನು ಗೊತ್ತುಮಾಡಿಕೊಂಡಿದ್ದೆವು. ಅದೇ ತಿಂಗಳುಗಳಲ್ಲಿ, ಮಗುವೊಂದನ್ನು ದತ್ತು ತೆಗೆದುಕೊಳ್ಳುವ ಮಾತೂ ನಮ್ಮ ನಡುವೆ ಗಟ್ಟಿಯಾಗುತ್ತಾ ಬಂದಿತ್ತು. ಎರಡು ಮಾತುಗಳೂ ಒಂದರೊಳಗೊಂದು ಸೇರಿಕೊಂಡವು. ಹೇಗಿದ್ದರೂ ಅಲ್ಲಿಗೆ ಹೋಗುತ್ತೇವೆ, ಅಲ್ಲಿಯ ಮಕ್ಕಳ ಗೃಹವೊಂದನ್ನು ನೋಡಿಕೊಂಡು ಬಂದರೆ ಹೇಗೆ?

ಮಗುವನ್ನು ಬಯಸುವವರು ಮಗು ಇರುವ ಕಡೆಗೆ ಹೋಗಿ ನೋಡಲು ಇಷ್ಟಪಡುವುದು ಸಹಜ. ಆದರೆ ಅಂತರದೇಶೀಯ ದತ್ತಿನ ನಿಯಮಗಳನ್ನೂ ಅದರ ಚರಿತ್ರೆಯನ್ನೂ ಓದುತ್ತಾ ಹೋದಂತೆ, ಈ ಒಂದು ಆಸೆಗೆ ಕಡಿವಾಣ ಹಾಕಲು ಎಷ್ಟೊಂದು ಜನ ಎಷ್ಟು ವರ್ಷ ದುಡಿದಿದ್ದಾರೆ ಎಂದು ತಿಳಿಯಿತು. ಅವರು ಮಾಡಿದ್ದು ಸರಿ ಎಂದು ಈಗ ಪೂರ್ಣವಾಗಿ ನಂಬುತ್ತೇನೆ. ಇಂಥದೇ ಮಾತು ನಡೆಯುತ್ತಿರುವ ಮನೆಗಳು ಇನ್ನೂ ಇರುತ್ತವೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಒಂದು ದೇಶದ ಮಗುವನ್ನು ಇನ್ನೊಂದು ದೇಶದಲ್ಲಿ ನೆಲೆಸಿರುವವರು ದತ್ತು ಪಡೆಯುವುದಕ್ಕೆ ಇರುವ ಮುಖ್ಯ ಚೌಕಟ್ಟು ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ 1993ರ ಮೇ 29ರಂದು ಅಂಗೀಕಾರವಾದ ಒಪ್ಪಂದ. 1995ರ ಮೇ 1ರಿಂದ ಅದು ಜಾರಿಯಲ್ಲಿದೆ, 100ಕ್ಕೂ ಹೆಚ್ಚು ದೇಶಗಳು ಅದರೊಳಗೆ ಇವೆ. ವಲಸೆ ಹೋದವರು ಈ ಒಪ್ಪಂದದಲ್ಲಿ ಎಲ್ಲಕ್ಕಿಂತ ಮೊದಲು ಗಮನಿಸಬೇಕಾದದ್ದು ಅದು ಪಾಸ್‌ಪೋರ್ಟನ್ನು ನೋಡುವುದಿಲ್ಲ ಎಂಬುದನ್ನು. ನೀವು ಎಲ್ಲಿ ನೆಲೆಸಿದ್ದೀರಿ, ಮಗು ಎಲ್ಲಿ ನೆಲೆಸಿದೆ, ಇವೆರಡೇ ಅದಕ್ಕೆ ಮುಖ್ಯ. ಒಂದು ದೇಶದ ಪ್ರಜೆಗಳಾಗಿದ್ದು, ಎರಡನೆಯ ದೇಶದಲ್ಲಿ ವಾಸವಿದ್ದು, ಮೂರನೆಯ ದೇಶದ ಮಗುವನ್ನು ದತ್ತು ಪಡೆಯುವುದಾದರೆ ಅರ್ಜಿ ಸಲ್ಲಿಸಬೇಕಾದದ್ದು ವಾಸವಿರುವ ಎರಡನೆಯ ದೇಶದ ಕೇಂದ್ರ ಪ್ರಾಧಿಕಾರಕ್ಕೆ, ಎಂದರೆ ಇಂಥ ದತ್ತುಗಳನ್ನು ನೋಡಿಕೊಳ್ಳಲು ಆ ದೇಶ ಗೊತ್ತುಮಾಡಿದ ಸಂಸ್ಥೆಗೆ. ಹುಟ್ಟಿದ ದೇಶದ ಮಗುವನ್ನೇ ಬಯಸಿದರೂ, ಬೇರೆಡೆ ನೆಲೆಸಿರುವ ತನಕ ಅದೂ ಅಂತರದೇಶೀಯ ದತ್ತೇ ಆಗುತ್ತದೆ. ‘ನಮ್ಮ ದೇಶವೇ ತಾನೆ, ಹೋಗಿ ಕರೆದುಕೊಂಡು ಬಂದರಾಯಿತು’ ಎಂಬ ಮಾತನ್ನು ವಲಸಿಗರ ನಡುವೆ ಬೇಕಾದಷ್ಟು ಕೇಳಿದ್ದೇನೆ. ಆ ಮಾತನ್ನು ನಂಬಿ ಹೊರಟವರ ಮಗು, ತಂದೆ ತಾಯಿ ಒಂದು ಕಡೆ ತಾನೊಂದು ಕಡೆ ಎಂಬ ಸ್ಥಿತಿಯಲ್ಲಿ ವೀಸಾ ಸಿಗದೆ ಉಳಿದುಬಿಡಬಹುದು.

ಏಕೆಂದರೆ ದತ್ತು ಒಪ್ಪಂದ ಪಾಸ್‌ಪೋರ್ಟ್ ನೋಡದಿದ್ದರೂ ವಲಸೆ ಕಾನೂನು ಅದನ್ನೇ ನೋಡುತ್ತದೆ. ಅಮೆರಿಕದಲ್ಲಿ ಹೇಗ್ ಮಾರ್ಗದಲ್ಲಿ ಮಗುವನ್ನು ಕರೆತರಲು ಅರ್ಜಿ ಹಾಕುವವರು ಆ ದೇಶದ ಪ್ರಜೆಯಾಗಿರಲೇಬೇಕು. ಗಂಡ ಹೆಂಡಿರಲ್ಲಿ ಯಾರೊಬ್ಬರೂ ಪ್ರಜೆಯಾಗಿರದಿದ್ದರೆ ಆ ಬಾಗಿಲು ತೆರೆಯುವುದಿಲ್ಲ; ಉದ್ಯೋಗ ವೀಸಾದ ಮೇಲೆ ಹತ್ತು ವರ್ಷದಿಂದ ಅಲ್ಲಿದ್ದರೂ ಅಷ್ಟೆ. ಬ್ರಿಟನ್ನಿನಲ್ಲಿ 2002ರ ದತ್ತು ಮತ್ತು ಮಕ್ಕಳ ಕಾಯಿದೆ, ಅಲ್ಲಿ ನೆಲೆಸಿರುವವರು ಮೊದಲು ತಮ್ಮ ಅರ್ಹತೆಯ ಪರಿಶೀಲನೆ ಮುಗಿಸಿಕೊಳ್ಳದೆ ದತ್ತಿಗಾಗಿ ಮಗುವನ್ನು ಕರೆತಂದರೆ ಅದನ್ನು ಅಪರಾಧವೆಂದೇ ಎಣಿಸುತ್ತದೆ. ದತ್ತು ಎಂಬ ಕಲ್ಪನೆಯನ್ನೇ ಒಪ್ಪದ ದೇಶಗಳೂ ಇವೆ. ಇಸ್ಲಾಮೀ ಕಾನೂನು ಪಾಲಿಸುವ ಹಲವೆಡೆ ಇರುವುದು ಕಫಾಲಾ: ಮಗುವನ್ನು ಸಾಕಬಹುದು, ಆದರೆ ಅದರ ಕುಲನಾಮವನ್ನೂ ಹೆತ್ತವರ ಸಂಬಂಧವನ್ನೂ ಅಳಿಸುವಂತಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಇದನ್ನೂ ಮಗುವಿನ ರಕ್ಷಣೆಯ ಒಂದು ಬಗೆಯೆಂದು ಹೆಸರಿಸಿ ಮನ್ನಿಸಿದೆ. ಅಂಥ ಕಡೆಯಿಂದ ಬಂದ ಮಗುವಿನ ಸ್ಥಾನಮಾನವನ್ನು ಇನ್ನೊಂದು ದೇಶ ಏನೆಂದು ಕರೆಯುತ್ತದೆ ಎನ್ನುವುದನ್ನು ವಕೀಲರ ಬಳಿ ಕೂತು ಬಿಡಿಸಿಕೊಳ್ಳಬೇಕಾಗುತ್ತದೆ.

ಇನ್ನು ನಮ್ಮ ಪ್ರಶ್ನೆಗೆ ನೇರ ಉತ್ತರ ಅದೇ ಹೇಗ್ ಒಪ್ಪಂದದ 29ನೇ ವಿಧಿಯಲ್ಲಿದೆ. ಮಗುವನ್ನು ದತ್ತು ಕೊಡಬಹುದು ಎಂದು ಅದರ ದೇಶ ತೀರ್ಮಾನಿಸುವ ಮೊದಲು, ಹೆತ್ತವರ ಒಪ್ಪಿಗೆ ಮುಕ್ತವಾಗಿ, ಹಣದ ಆಮಿಷವಿಲ್ಲದೆ ಬಂದಿದೆ ಎಂದು ಖಚಿತವಾಗುವ ಮೊದಲು, ಪಡೆಯಲಿರುವವರು ಅರ್ಹರೆಂದು ಅವರ ದೇಶ ಒಪ್ಪುವ ಮೊದಲು, ಅವರಿಗೂ ಮಗುವಿನ ಹೆತ್ತವರಿಗೂ ಅಥವಾ ಅದನ್ನು ನೋಡಿಕೊಳ್ಳುತ್ತಿರುವವರಿಗೂ ಸಂಪರ್ಕವೇ ಇರಕೂಡದು. ಕುಟುಂಬದೊಳಗಿನ ದತ್ತಿಗೆ ವಿನಾಯಿತಿ ಇದೆ, ಸಂಬಂಧಪಟ್ಟ ದೇಶದ ಪ್ರಾಧಿಕಾರ ತಾನೇ ಷರತ್ತು ವಿಧಿಸಿ ಅನುಮತಿ ಕೊಟ್ಟರೆ ಅದಕ್ಕೂ ಅವಕಾಶವಿದೆ. ಉಳಿದಂತೆ ಇಲ್ಲ. ಅಂದರೆ ನಾವು ರಜೆಯಲ್ಲಿ ಹೋಗಿ, ಮಕ್ಕಳ ಗೃಹದ ಅಂಗಳದಲ್ಲಿ ನಿಂತು, ಒಂದು ಮಗುವಿನ ಕಡೆ ಕೈಚಾಚುವುದು ಇದೆಯಲ್ಲ, ಸರಿಯಾಗಿ ಅದನ್ನೇ ಈ ವಿಧಿ ನಿಲ್ಲಿಸುತ್ತದೆ.

ಇಷ್ಟು ಬಿಗಿ ಏಕೆ ಎಂದು ಕೇಳಿದರೆ ಚರಿತ್ರೆಯ ಕಡೆ ತಿರುಗಬೇಕು. ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು 2007ರ ಅಕ್ಟೋಬರಿನಲ್ಲಿ ಆಫ್ರಿಕಾದ ಚಾಡ್ ದೇಶದಲ್ಲಿ ನಡೆದ ಘಟನೆ. ಫ್ರಾನ್ಸಿನ ಒಂದು ಸಂಸ್ಥೆಯವರು ಅಬೆಷೆ ಎಂಬ ಊರಿನಿಂದ 103 ಮಕ್ಕಳನ್ನು ವಿಮಾನದಲ್ಲಿ ಕರೆದೊಯ್ಯಲು ಸಿದ್ಧರಾಗಿದ್ದರು. ಇವರೆಲ್ಲ ಪಕ್ಕದ ಸುಡಾನ್ ದೇಶದ ಡಾರ್ಫರ್ ಯುದ್ಧದ ಅನಾಥರು ಎಂದು ಅವರು ಹೇಳಿದ್ದರು. ವಿಮಾನ ಗೊತ್ತಾಗಿತ್ತು, ದಿನ ಗೊತ್ತಾಗಿತ್ತು, ಫ್ರಾನ್ಸಿನ ವಿಮಾನ ನಿಲ್ದಾಣದಲ್ಲಿ ಮಕ್ಕಳನ್ನು ಬರಮಾಡಿಕೊಳ್ಳಲು ಕುಟುಂಬಗಳು ಬಂದು ಕಾಯುತ್ತಿದ್ದವು. ಚಾಡ್ ಅಧಿಕಾರಿಗಳು ವಿಮಾನ ಏರುವ ಮೊದಲೇ ತಡೆದರು. ವಿಶ್ವಸಂಸ್ಥೆಯ ಸಂಸ್ಥೆಗಳೂ ರೆಡ್ ಕ್ರಾಸ್ ಸಿಬ್ಬಂದಿಯೂ ಆ ಮಕ್ಕಳ ಜೊತೆ ಕೂತು ಮಾತನಾಡಿದಾಗ ಬಯಲಾದದ್ದು ಬೇರೆಯೇ ಸಂಗತಿ. ಬಹುಪಾಲು ಮಕ್ಕಳು ಗಡಿಯ ಈಚೆಯ ಚಾಡ್ ಹಳ್ಳಿಗಳವರು. ಬಹುಪಾಲು ಮಕ್ಕಳಿಗೆ ತಾವು ಅಪ್ಪ ಅಥವಾ ಅಮ್ಮ ಎಂದು ಕರೆಯುವ ಒಬ್ಬರಾದರೂ ಮನೆಯಲ್ಲಿದ್ದರು.

ಕಾಯುತ್ತಿದ್ದ ಆ ಕುಟುಂಬಗಳ ಬಗ್ಗೆ ಯೋಚಿಸುತ್ತೇನೆ. ಅವರು ಕೆಟ್ಟವರಾಗಿದ್ದರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಯುದ್ಧದ ಸುದ್ದಿ ನೋಡಿ ಕರಗಿದವರು, ಮನೆಯಲ್ಲಿ ಹಾಸಿಗೆ ಹಾಸಿಟ್ಟು ಬಂದವರು. ಆದರೆ ಅವರ ಕರುಣೆ ಎಷ್ಟು ಅವಸರದಲ್ಲಿತ್ತೆಂದರೆ, ಮಗುವಿನ ತಾಯಿ ಎಲ್ಲಿದ್ದಾಳೆ ಎಂದು ಕೇಳುವಷ್ಟು ಸಮಯವನ್ನೂ ಅದು ಉಳಿಸಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಒಂದು ಮಗುವನ್ನು ಅದರ ಮನೆಯಿಂದ ಕಿತ್ತುಬಿಡಬಹುದು. ಇದನ್ನು ಓದಿದ ರಾತ್ರಿ ನಾವಿಬ್ಬರೂ ಮಕ್ಕಳ ಗೃಹದ ಭೇಟಿಯ ಮಾತನ್ನು ಪಟ್ಟಿಯಿಂದ ತೆಗೆದುಹಾಕಿದೆವು.

ದಕ್ಷಿಣ ಕೊರಿಯಾದ ಕತೆ ಇನ್ನೂ ದೀರ್ಘವಾದದ್ದು. 1953ರಲ್ಲಿ ಯುದ್ಧ ನಿಂತ ಮೇಲೆ ಆರಂಭವಾದ ಹೊರದೇಶದ ದತ್ತು ದೇಶ ಸಿರಿವಂತವಾದ ಮೇಲೂ ನಿಲ್ಲಲಿಲ್ಲ, 1980ರ ದಶಕದಲ್ಲಿ ಅದು ತುತ್ತತುದಿ ಮುಟ್ಟಿತು. ಆ ದೇಶದ ಸತ್ಯ ಮತ್ತು ಸಮನ್ವಯ ಆಯೋಗ 2025ರ ಮಾರ್ಚಿನಲ್ಲಿ ಹೇಳಿದ್ದು ಇಷ್ಟು: ಹೆತ್ತವರು ಯಾರೆಂದು ಗೊತ್ತಿದ್ದ ಮಕ್ಕಳನ್ನೂ ಅನಾಥರೆಂದು ನೋಂದಾಯಿಸಲಾಗಿತ್ತು, ದಾಖಲೆಗಳನ್ನು ತಿದ್ದಲಾಗಿತ್ತು, ಒಂದು ಮಗುವಿನ ಬದಲು ಇನ್ನೊಂದನ್ನು ಕಳಿಸಿದ್ದೂ ಉಂಟು, ಸರಕಾರ ತನ್ನ ಹೊಣೆಯನ್ನು ಖಾಸಗಿ ಸಂಸ್ಥೆಗಳ ಕೈಗೆ ಬಿಟ್ಟುಕೊಟ್ಟಿತ್ತು. ಅಲ್ಲಿಂದ ಹೋಗಿ ಅಮೆರಿಕದಲ್ಲಿ ಬೆಳೆದವರಲ್ಲಿ ಕೆಲವರಿಗೆ ಸಾಕಿದವರು ಪೌರತ್ವದ ಅರ್ಜಿಯನ್ನೇ ಹಾಕಿರಲಿಲ್ಲ. 2001ರ ಫೆಬ್ರವರಿಯಿಂದ ಜಾರಿಗೆ ಬಂದ ಮಕ್ಕಳ ಪೌರತ್ವ ಕಾಯಿದೆ ಆ ಹೊತ್ತಿಗೆ 18 ತುಂಬಿದ್ದವರನ್ನು ಒಳಗೊಳ್ಳಲಿಲ್ಲ. ಹಾಗಾಗಿ ಮಧ್ಯವಯಸ್ಸಿನಲ್ಲಿ, ಒಂದು ಅಕ್ಷರವೂ ತಿಳಿಯದ ಭಾಷೆಯ ನಾಡಿಗೆ ಗಡೀಪಾರಾದವರಿದ್ದಾರೆ. ನಿಮ್ಮ ಮನೆಗೆ ಮಗು ಬಂದರೆ ಮೊದಲ ವಾರಗಳಲ್ಲೇ ಪೌರತ್ವದ ಕಾಗದ ಕೈಗೆತ್ತಿಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತಿರುವುದು ಇದೇ ಕಾರಣಕ್ಕೆ.

ಉಳಿದ ದೇಶಗಳ ಪಟ್ಟಿಯೂ ಚಿಕ್ಕದಲ್ಲ. ಗ್ವಾಟೆಮಾಲ 2007ರ ಕೊನೆಗೆ ಹೊರದೇಶದ ದತ್ತಿಗೆ ಬಾಗಿಲು ಹಾಕಿತು, ಇಥಿಯೋಪಿಯಾ 2018ರಲ್ಲಿ. ಪಡೆಯುವ ದೇಶಗಳಲ್ಲಿ ನೆದರ್‌ಲ್ಯಾಂಡ್ಸ್ 2021ರ ಫೆಬ್ರವರಿಯಲ್ಲಿ, ತಾನೇ ನೇಮಿಸಿದ ಸಮಿತಿಯ ವರದಿ ಓದಿ, ಹೊಸ ಅರ್ಜಿಗಳನ್ನು ನಿಲ್ಲಿಸಿತು. ಭಾರತದ ಸುಪ್ರೀಂ ಕೋರ್ಟ್ ಈ ಅಪಾಯವನ್ನು ಬಹಳ ಮೊದಲೇ ಕಂಡಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ. ವಕೀಲ ಲಕ್ಷ್ಮಿಕಾಂತ್ ಪಾಂಡೆ ಬರೆದ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1984ರಲ್ಲಿ ನೀಡಿದ ತೀರ್ಪು, ಹೊರದೇಶದ ದತ್ತಿಗೆ ಮೊದಲು ಸ್ವದೇಶದಲ್ಲೇ ಮನೆ ಹುಡುಕಬೇಕು ಎಂದಿತು. ಹೇಗ್ ಒಪ್ಪಂದ ಅದೇ ಮಾತನ್ನು ಹೇಳಿದ್ದು ಒಂಬತ್ತು ವರ್ಷದ ನಂತರ.

ಇಷ್ಟೆಲ್ಲ ಓದಿದ ಮೇಲೆ ದತ್ತಿನ ಯೋಚನೆಯನ್ನೇ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಅದಕ್ಕೆ ಕಾರಣ ಒಬ್ಬ ಗೆಳತಿ. ಕೈಗೂಸಾಗಿದ್ದಾಗ ಒಂದು ಖಂಡದಿಂದ ಇನ್ನೊಂದಕ್ಕೆ ಬಂದವಳು, ಈಗ ಎರಡು ಮಕ್ಕಳ ತಾಯಿ. ನಮ್ಮ ಯೋಚನೆ ತಿಳಿಸಿದಾಗ ಅವಳು ತನ್ನ ಕಡತವನ್ನು ತಂದು ಮೇಜಿನ ಮೇಲಿಟ್ಟಳು. ತೆಳುವಾದ ಕಂದು ಕಡತ. ಹುಟ್ಟಿದ ದಿನ ಜನವರಿ 1 ಎಂದಿತ್ತು. ಯಾರೋ ಗುಮಾಸ್ತರು ತುಂಬಿದ ದಿನ ಅದು. ತಾಯಿಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ. ತೂಕ, ಎತ್ತರ, ಹಾಕಿಸಿದ ಲಸಿಕೆ. ಕೊನೆಯ ಪುಟದಲ್ಲಿ ಆರೈಕೆ ಮಾಡುತ್ತಿದ್ದ ದಾದಿಯೊಬ್ಬರು ಬರೆದ ಒಂದೇ ಸಾಲು: ಎಡಗಡೆ ತಿರುಗಿಸಿ ಮಲಗಿಸಿದರೆ ಬೇಗ ನಿದ್ದೆ ಹೋಗುತ್ತಾಳೆ.

“ನನ್ನ ಮೊದಲ ಒಂದು ವರ್ಷದಲ್ಲಿ ನನಗೆ ಸಿಕ್ಕಿರುವುದು ಈ ಸಾಲು ಮಾತ್ರ” ಎಂದಳು. “ನನ್ನ ಅಪ್ಪ ಅಮ್ಮ ಬಹಳ ಒಳ್ಳೆಯವರು. ಅವರನ್ನು ಬಿಟ್ಟು ಬೇರೆ ಅಪ್ಪ ಅಮ್ಮ ಬೇಕೆಂದು ನನಗೆ ಒಂದು ದಿನವೂ ಅನಿಸಿಲ್ಲ. ಆದರೆ ಅವರು ನನ್ನನ್ನು ಕರೆತರಲು ಹೋದಾಗ ನಾಲ್ಕು ದಿನ ಇದ್ದು ಬಂದರಂತೆ. ಆ ದಾದಿಯನ್ನು ಮಾತಾಡಿಸಲಿಲ್ಲ, ಆ ಬೀದಿಯ ಒಂದು ಫೋಟೊ ತೆಗೆಯಲಿಲ್ಲ. ನೀವು ಹೋಗುವುದಾದರೆ ಕೇಳಿ, ಬರೆದುಕೊಳ್ಳಿ. ಮಗು ಮುಂದೆ ಕೇಳುವುದು ನಿಮ್ಮನ್ನೇ.”

ದತ್ತು ಹೋದವರು ದೊಡ್ಡವರಾದ ಮೇಲೆ ಏನು ಹೇಳುತ್ತಾರೆ ಎನ್ನುವುದನ್ನು ಕೇಳದೆ ಈ ದಾರಿಗೆ ಇಳಿಯಬಾರದು. ಪಡೆದವರ ಸಂತೋಷದ ಕತೆಗಳು ಎಲ್ಲೆಲ್ಲೂ ಸಿಗುತ್ತವೆ. ಅವುಗಳನ್ನು ಓದಿ ಕಣ್ಣು ತುಂಬಿಕೊಳ್ಳುವುದು ಸುಲಭ. ಬೆಳೆದ ಮಕ್ಕಳ ಮಾತಿನಲ್ಲಿ ಪ್ರೀತಿಯೂ ಕಳೆದುಕೊಂಡದ್ದರ ನೋವೂ ಒಟ್ಟಿಗೇ ಇರುತ್ತವೆ, ಎರಡನ್ನೂ ಒಟ್ಟಿಗೇ ಕೇಳುವ ಕಿವಿ ಬೇಕು.

ವಾಸವಿರುವ ದೇಶದಲ್ಲಿ ನಡೆಯುವ ಹೋಮ್ ಸ್ಟಡಿ, ಎಂದರೆ ದತ್ತು ಪಡೆಯುವವರ ಅರ್ಹತೆಯ ಪರಿಶೀಲನೆ, ಇನ್ನೊಂದು ದೊಡ್ಡ ಹಂತ. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ಹೋಗುತ್ತಾರೆ. ಆದಾಯ, ಆರೋಗ್ಯ, ಪೊಲೀಸ್ ದಾಖಲೆ ಇವೆಲ್ಲ ಬೇಗ ಮುಗಿಯುವ ಕೆಲಸ. ಹಿಂದೆ ನೆಲೆಸಿದ್ದ ಎಲ್ಲ ದೇಶಗಳಿಂದಲೂ ಪೊಲೀಸ್ ಪ್ರಮಾಣಪತ್ರ ತರಿಸಬೇಕಾಗುವುದರಿಂದ ಅಲೆದಾಡಿ ಬದುಕಿದವರಿಗೆ ಅಲ್ಲಿ ಸ್ವಲ್ಪ ತಡವಾಗಬಹುದು. ಕಷ್ಟ ಇರುವುದು ಮಾತುಕತೆಯಲ್ಲಿ. ಚಿಕ್ಕಂದಿನಲ್ಲಿ ನೀವು ಅತ್ತಾಗ ಮನೆಯಲ್ಲಿ ಯಾರು ಬಂದು ಎತ್ತಿಕೊಳ್ಳುತ್ತಿದ್ದರು? ನಿಮ್ಮನ್ನು ಹೊಡೆಯುತ್ತಿದ್ದರೇ? ಹೊಡೆದ ಮೇಲೆ ಯಾರಾದರೂ ಸಮಾಧಾನ ಮಾಡುತ್ತಿದ್ದರೇ? ನಿಮ್ಮಿಬ್ಬರಲ್ಲಿ ಜಗಳವಾದರೆ ಮೊದಲು ಮಾತನಾಡಿಸುವವರು ಯಾರು? ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಪತಿ ಆ ಮೇಜಿನ ಮುಂದೆ ಹೇಳಿದ ಕೆಲವು ಮಾತುಗಳನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ಆ ನಮೂನೆ ಬಂತು. ನೀವು ಎಂಥ ಮಗುವನ್ನು ನೋಡಿಕೊಳ್ಳಬಲ್ಲಿರಿ ಎಂದು ಕೇಳುವ ಪುಟಗಳು. ಎಡಗಡೆ ಸಾಲಾಗಿ ಸಂಗತಿಗಳು, ಬಲಗಡೆ ಮೂರು ಚೌಕ: ಒಪ್ಪುತ್ತೇವೆ, ಚರ್ಚಿಸಬಹುದು, ಆಗುವುದಿಲ್ಲ. ಸೀಳುತುಟಿ. ಹೃದಯದಲ್ಲಿ ರಂಧ್ರ. ಹೆಪಟೈಟಿಸ್ ಬಿ. ಎಚ್‌ಐವಿ. ಬಸಿರಿನಲ್ಲಿ ತಾಯಿ ಮದ್ಯ ಸೇವಿಸಿದ್ದು. ಕಿವುಡು. ಐದು ವರ್ಷ ದಾಟಿದ ಮಗು. ಜೊತೆಗೆ ಅಣ್ಣನೋ ತಂಗಿಯೋ ಇರುವ ಮಗು. ಪೆನ್ನು ಹಿಡಿದು ಕೂತಾಗ ಕೈ ತಡವರಿಸಿತು. ಪ್ರತಿ ಚೌಕದ ಹಿಂದೆ ಎಲ್ಲೋ ಒಂದು ನಿಜವಾದ ಮಗು ಇದೆಯಲ್ಲ ಎಂಬ ಯೋಚನೆ. ನಮ್ಮ ಸಮಾಜ ಕಾರ್ಯಕರ್ತೆ ಬಹಳ ತಾಳ್ಮೆಯವರು. “ನಿಮ್ಮ ಔದಾರ್ಯ ತೋರಿಸಲು ಗುರುತು ಹಾಕಬೇಡಿ. ನಿಮ್ಮಿಂದ ಆಗದ ಕಡೆ ಆಗುವುದಿಲ್ಲ ಎನ್ನಿ. ಆಗ ಆ ಮಗು ಆಗುವವರ ಮನೆಗೆ ಹೋಗುತ್ತದೆ” ಎಂದರು. ಆ ಮಾತಿನಿಂದ ಎದೆ ಹಗುರವಾಯಿತು. ಕಾಯುತ್ತಿರುವ ಮಕ್ಕಳಲ್ಲಿ ಬಹಳ ಮಂದಿ ದೊಡ್ಡ ವಯಸ್ಸಿನವರು, ಒಡಹುಟ್ಟಿದವರ ಜೊತೆ ಇರುವವರು, ಆರೋಗ್ಯದ ತೊಂದರೆ ಇರುವವರು. ಆರೋಗ್ಯವಂತ ಎಳೆಗೂಸುಗಳಿಗೆ ಅವುಗಳ ದೇಶದಲ್ಲೇ ಮನೆ ಸಿಗುತ್ತಿರುವುದು ಸಂತೋಷದ ಸಂಗತಿಯೇ. ಅಮೆರಿಕವೊಂದಕ್ಕೇ 2004ರಲ್ಲಿ ಸುಮಾರು 23,000 ಮಕ್ಕಳು ಹೊರದೇಶಗಳಿಂದ ದತ್ತು ಬಂದಿದ್ದರು. 2023ರ ಹೊತ್ತಿಗೆ ಆ ಸಂಖ್ಯೆ 1,300ಕ್ಕಿಂತ ಕೆಳಗೆ ಇಳಿದಿದೆ. ನಾವು ದೊಡ್ಡ ಮಗು, ಒಡಹುಟ್ಟಿದವರು ಇವೆರಡರ ಮುಂದೆಯೂ ಒಪ್ಪುತ್ತೇವೆ ಎಂದು ಗುರುತು ಹಾಕಿದೆವು.

ಇಲ್ಲಿ ಒಂದು ಗಂಟು ಇದೆ, ಅದನ್ನು ಮುಚ್ಚಿಡಲಾರೆ. ನಿಯಮಗಳು ಕೇಳುವ ನಿಧಾನಕ್ಕೂ ಮಗುವಿನ ಮಿದುಳು ಬೆಳೆಯುವ ವೇಗಕ್ಕೂ ಹೊಂದಿಕೆಯಿಲ್ಲ. ರುಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದಾಗ ಸಂಸ್ಥೆಗಳಲ್ಲಿ ತುಂಬಿಹೋಗಿದ್ದ ಮಕ್ಕಳನ್ನು ಜಗತ್ತು ಕಂಡಿತು. ಅವರಲ್ಲಿ ಇಂಗ್ಲೆಂಡಿಗೆ ದತ್ತು ಬಂದವರನ್ನು ಮೈಕೆಲ್ ರಟರ್ ಮತ್ತು ಸಂಗಡಿಗರು ದೊಡ್ಡವರಾಗುವ ತನಕ ಗಮನಿಸಿದರು. ಆರು ತಿಂಗಳೊಳಗೆ ಸಂಸ್ಥೆಯಿಂದ ಹೊರಬಂದವರು ಬಹುಮಟ್ಟಿಗೆ ಇತರ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಹಲವರಿಗೆ ತೊಂದರೆಗಳು ಉಳಿದವು. ಬುಕಾರೆಸ್ಟ್ ನಗರದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಸಂಶೋಧಕರು 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಪಾಲನಾ ಕುಟುಂಬಗಳಿಗೆ, ಎಂದರೆ ದತ್ತು ಪಡೆಯದೆಯೇ ಮಗುವನ್ನು ಮನೆಯಲ್ಲಿಟ್ಟು ಸಾಕುವವರ ಬಳಿಗೆ, ಕಳಿಸಿ ಹೋಲಿಸಿ ನೋಡಿದರು. ಸುಮಾರು ಎರಡು ವರ್ಷ ತುಂಬುವ ಮೊದಲು ಕುಟುಂಬಕ್ಕೆ ಹೋದ ಮಕ್ಕಳಲ್ಲಿ ಒಬ್ಬರನ್ನು ನೆಚ್ಚಿಕೊಳ್ಳುವ ಶಕ್ತಿ ಚೆನ್ನಾಗಿ ಮರಳಿತು. ಹಾಗಾದರೆ ಪರಿಶೀಲನೆಗೆ ಹಿಡಿಯುವ ಪ್ರತಿ ತಿಂಗಳೂ ಮಗುವಿಗೆ ನಷ್ಟವೇ ಅಲ್ಲವೇ?

ನನಗೆ ತೋಚುವ ಉತ್ತರ ಇದು. ಬುಕಾರೆಸ್ಟಿನ ಮಕ್ಕಳು ವಿಮಾನ ಹತ್ತಲಿಲ್ಲ. ಅವರು ಹೋದದ್ದು ತಮ್ಮದೇ ಊರಿನ, ತಮ್ಮದೇ ಭಾಷೆಯ ಮನೆಗಳಿಗೆ. ಮಗುವಿಗೆ ತುರ್ತಾಗಿ ಬೇಕಾದದ್ದು ಎತ್ತಿಕೊಳ್ಳುವ ಒಬ್ಬರು. ಆ ಒಬ್ಬರು ಪಕ್ಕದ ಬೀದಿಯಲ್ಲೇ ಸಿಗುವಂತೆ ಮಾಡುವುದಕ್ಕೆ ಹಣ, ತರಬೇತಿ, ಕಾನೂನು ಎಲ್ಲ ಹರಿದುಬರಲಿ. ಮಗು ಪಾಲನಾ ಕುಟುಂಬದಲ್ಲಿ ಬೆಚ್ಚಗಿದ್ದರೆ, ತಾಯಿಯನ್ನು ಹುಡುಕುವ, ಅಜ್ಜಿಯನ್ನು ಕೇಳುವ ಕೆಲಸಕ್ಕೆ ಬೇಕಾದ ಸಮಯ ಸಿಗುತ್ತದೆ. ಹೊರಗಿನವರ ಅವಸರಕ್ಕಾಗಿ ಆ ವಿಚಾರಣೆಯನ್ನು ಮೊಟಕು ಮಾಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಮಕ್ಕಳ ಗೃಹಗಳಿಗೆ ಪ್ರವಾಸಿಗರು ಹೋಗಬಾರದು ಎನ್ನುವುದಕ್ಕೂ ಇದೇ ಅಧ್ಯಯನಗಳಲ್ಲಿ ಕಾರಣ ಸಿಗುತ್ತದೆ. ಅಪರಿಚಿತರು ಬಂದ ಕೂಡಲೇ ಓಡಿಬಂದು ಕಾಲು ತಬ್ಬುವ ಮಗುವನ್ನು ಕಂಡು ನಮಗೆ ಕರುಳು ಚುರಕ್ ಎನ್ನುತ್ತದೆ. ಯಾರು ತನ್ನವರು, ಯಾರು ಹೊರಗಿನವರು ಎಂಬ ಗೆರೆ ಮೂಡುವ ಅವಕಾಶವೇ ಸಿಗದ ಮಗು ಹಾಗೆ ಮಾಡುತ್ತದೆ. ನಾವು ಮುದ್ದು ಮಾಡಿ, ಚಿತ್ರ ತೆಗೆದುಕೊಂಡು, ಸಂಜೆಯ ಹೊತ್ತಿಗೆ ಹೊರಟಾಗ ಇನ್ನೂ ಒಬ್ಬರು ಅದನ್ನು ಬಿಟ್ಟುಹೋದಂತಾಗುತ್ತದೆ. ಸಂದರ್ಶಕರು ಕೊಡುವ ಹಣದ ಆಸೆಗೆ ತಂದೆ ತಾಯಿ ಇರುವ ಮಕ್ಕಳನ್ನು ತಂದು ತುಂಬಿಸುವ ಗೃಹಗಳೂ ಇವೆ. ಆಸ್ಟ್ರೇಲಿಯಾ 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಲಯ ಪ್ರವಾಸದ ಅಪಾಯವನ್ನು ಹೆಸರಿಸಿ ಹೇಳಿತು.

ಹಾಗಾದರೆ ನಮ್ಮ ರಜೆಯ ಪ್ರವಾಸ? ಅದು ಉಳಿದಿದೆ, ಮಕ್ಕಳ ಗೃಹ ಮಾತ್ರ ಅದರಲ್ಲಿಲ್ಲ. ಆ ದೇಶದಿಂದಲೇ ಮಗು ಬರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಆದರೂ ಹೋಗುತ್ತೇವೆ. ಭಾಷೆಯನ್ನು ಕಲಿಯಲು ಆರಂಭಿಸಿದ್ದೇವೆ. ಹಸಿವಾಯಿತೇ, ನೋವಾಗುತ್ತಿದೆಯೇ, ಹೆದರಬೇಡ, ಇಲ್ಲೇ ಇದ್ದೇನೆ, ಇಷ್ಟಾದರೂ ತಡವರಿಸದೆ ಬರಬೇಕು. ಪಾರ್ಕಿನಲ್ಲಿ ಅಮ್ಮಂದಿರು ಮಕ್ಕಳನ್ನು ಹೇಗೆ ಕರೆಯುತ್ತಾರೆ, ಯಾವ ದನಿಯಲ್ಲಿ ಗದರುತ್ತಾರೆ, ಬಸ್ಸಿನಲ್ಲಿ ನಿದ್ದೆ ಬಂದ ಮಗುವಿನ ಬೆನ್ನನ್ನು ಹೇಗೆ ತಟ್ಟುತ್ತಾರೆ, ಇವನ್ನೆಲ್ಲ ಕೂತು ನೋಡಬೇಕು. ಒಂದು ಜೋಗುಳವನ್ನಾದರೂ ಪೂರ್ತಿ ಕಲಿತು ಬರಬೇಕೆಂದು ನನ್ನ ಆಸೆ.

ಎರಡನೆಯ ಪ್ರವಾಸ, ಮಗುವನ್ನು ಕರೆತರುವ ಪ್ರವಾಸ, ಯಾವಾಗ ಎಂದು ಯಾರೂ ಹೇಳಲಾರರು. ಎರಡೂ ದೇಶಗಳ ಪ್ರಾಧಿಕಾರಗಳು ಈ ಹೊಂದಾಣಿಕೆ ಮುಂದುವರಿಯಬಹುದು ಎಂದು ಒಪ್ಪಬೇಕು. ಅದು ಒಪ್ಪಂದದ 17ನೇ ವಿಧಿ. ದತ್ತು ನಿಯಮದಂತೆ ಆಗಿದೆ ಎಂದು 23ನೇ ವಿಧಿಯ ಪ್ರಮಾಣಪತ್ರ ಸಿಗಬೇಕು, ಮಗುವಿಗೆ ಪಾಸ್‌ಪೋರ್ಟ್ ಆಗಬೇಕು, ಬಳಿಕ ವೀಸಾ. ಎಷ್ಟು ದಿನ ಅಲ್ಲಿರಬೇಕು ಎನ್ನುವುದೂ ದೇಶದಿಂದ ದೇಶಕ್ಕೆ ಬೇರೆ. ಕೊಲಂಬಿಯಾದಲ್ಲಿ ಹಲವು ವಾರ ಉಳಿಯಬೇಕಾಗುತ್ತದೆ. ಉಗಾಂಡ 2016ರ ತಿದ್ದುಪಡಿಯಲ್ಲಿ, ದತ್ತು ಪಡೆಯುವ ಹೊರದೇಶದವರು ಕನಿಷ್ಠ 12 ತಿಂಗಳು ಅಲ್ಲೇ ನೆಲೆಸಿ ಒಂದು ವರ್ಷ ಮಗುವನ್ನು ಪಾಲಿಸಿರಬೇಕು ಎಂದಿತು. ಅದು ನನಗೆ ಬಹಳ ಹಿಡಿಸಿದ ನಿಯಮ, ಎಲ್ಲರಿಂದ ಪಾಲಿಸಲಾಗದಿದ್ದರೂ. ಮಗು ನಮ್ಮ ಜಗತ್ತಿಗೆ ಬರುವ ಮೊದಲು ನಾವು ಅದರ ಜಗತ್ತಿನಲ್ಲಿ ಸ್ವಲ್ಪ ಕಾಲ ಬದುಕಬೇಕು ಎಂದು ಕೇಳುವುದು ನ್ಯಾಯವೇ.

ಎಲ್ಲ ಸರಿಯಾದರೂ ಆ ಪ್ರವಾಸ ನಡೆಯದೇ ಹೋಗಬಹುದು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಹೊರಗೆ ಕಳಿಸಿದ್ದ ಚೀನಾ 2024ರ ಸೆಪ್ಟೆಂಬರಿನಲ್ಲಿ, ಹತ್ತಿರದ ರಕ್ತಸಂಬಂಧಿಗಳ ಮಕ್ಕಳನ್ನೋ ಮಲಮಕ್ಕಳನ್ನೋ ದತ್ತು ಪಡೆಯುವವರನ್ನು ಬಿಟ್ಟು ಉಳಿದವರಿಗೆ ಹೊರದೇಶದ ದತ್ತು ಮುಗಿಯಿತು ಎಂದು ಘೋಷಿಸಿತು. 2020ರ ಸಾಂಕ್ರಾಮಿಕಕ್ಕೆ ಮೊದಲೇ ಮಗುವಿನ ಚಿತ್ರ ಕೈಗೆ ಬಂದಿದ್ದ, ಹೆಸರಿಟ್ಟು ಕಾಯುತ್ತಿದ್ದ ನೂರಾರು ಕುಟುಂಬಗಳು ಹೋಗಲಾಗದೆ ಉಳಿದವು. ತಮಗೊಂದು ಮನೆ ಸಿಕ್ಕಿದೆ ಎಂದು ಹೇಳಿಸಿಕೊಂಡಿದ್ದ, ಮಾತು ತಿಳಿಯುವ ವಯಸ್ಸಿನ ಮಕ್ಕಳೂ ಉಳಿದರು. ಅವರ ಬಗ್ಗೆ ಯೋಚಿಸಿದಾಗ ಗಂಟಲು ಕಟ್ಟುತ್ತದೆ.

ಆದ್ದರಿಂದ ನಾವು ಮಾಡಿಕೊಂಡ ಸಿದ್ಧತೆಗಳೆಲ್ಲ ದಿನಾಂಕವಿಲ್ಲದ ಸಿದ್ಧತೆಗಳು. ಇಬ್ಬರೂ ಕಚೇರಿಯಲ್ಲಿ ಮಾತನಾಡಿ, ಕರೆ ಬಂದಾಗ ಹೊರಡುವಂತೆ ದೀರ್ಘ ರಜೆಗೆ ಬರೆದುಕೊಟ್ಟಿದ್ದೇವೆ. ಬೇರೆ ದೇಶಕ್ಕೆ ವರ್ಗಾವಣೆಯ ಅವಕಾಶ ಬಂದಿತ್ತು, ನನ್ನ ಪತಿ ಬೇಡವೆಂದರು. ವಾಸದ ದೇಶ ಬದಲಾದರೆ ಹೋಮ್ ಸ್ಟಡಿ ಮೊದಲಿನಿಂದ ಆಗಬೇಕು, ಕೆಲವೊಮ್ಮೆ ಇಡೀ ಅರ್ಜಿಯೇ. ಹೋಗುವಾಗ ತೆಗೆದುಕೊಂಡು ಹೋಗಲು ಒಂದು ಹೊಸ ನೋಟುಪುಸ್ತಕ ಇದೆ. ಯಾವ ಮಗ್ಗುಲಿಗೆ ಮಲಗುತ್ತದೆ, ಯಾರ ಜೊತೆ ಆಡುತ್ತದೆ, ಯಾವ ಶಬ್ದಕ್ಕೆ ಬೆಚ್ಚುತ್ತದೆ, ಅದನ್ನು ಏನೆಂದು ಕರೆಯುತ್ತಾರೆ ಎಂದು ನೋಡಿಕೊಂಡವರನ್ನೇ ಕೇಳಿ ಬರೆದುಕೊಳ್ಳಲು. ಮಗು ಮಲಗುತ್ತಿದ್ದ ಹೊದಿಕೆ ಸಿಕ್ಕರೆ ಒಗೆಯದೆ ತರುವುದು, ಅದರ ಹೆಸರನ್ನು ಬದಲಿಸದಿರುವುದು, ಬಂದ ಮೇಲೆ ಕೆಲವು ವಾರ ನಾವಿಬ್ಬರೇ ಊಟ ಮಾಡಿಸಿ, ನಾವಿಬ್ಬರೇ ಎತ್ತಿಕೊಂಡು, ನೆಂಟರಿಷ್ಟರನ್ನು ಸ್ವಲ್ಪ ದೂರವೇ ಇಡುವುದು, ಇವಿಷ್ಟೂ ತೀರ್ಮಾನವಾಗಿವೆ. ಕೊನೆಯದನ್ನು ಹಿರಿಯರಿಗೆ ಹೇಳಿದಾಗ ಅತ್ತೆಯವರಿಗೆ ಬೇಸರವಾಯಿತು. “ಮೊಮ್ಮಗುವನ್ನು ಎತ್ತಿಕೊಳ್ಳಬಾರದೇನಮ್ಮ?” ಎಂದರು. ಮಗು ಮೊದಲು ಒಬ್ಬರನ್ನು ನಂಬಲು ಕಲಿಯಬೇಕು ಅತ್ತೆ, ಆಮೇಲೆ ನಿಮ್ಮ ಮಡಿಲಿನಿಂದ ಇಳಿಯುವುದೇ ಇಲ್ಲ ಎಂದೆ. ಅಲ್ಲಿಯ ತನಕ ಫೋನಿನಲ್ಲಿ ಹಾಡು ಹೇಳುತ್ತೇನೆ ಎಂದು ಒಪ್ಪಿದ್ದಾರೆ.

ಇಷ್ಟರ ನಡುವೆ ಒಂದು ಯೋಚನೆ ದಿನೇ ದಿನೇ ಬಲವಾಗುತ್ತಿದೆ. ಮೊದಲು ಮಗುವಿನ ಸ್ವಂತ ದೇಶದಲ್ಲಿ ಮನೆ ಹುಡುಕಬೇಕು ಎಂಬ ತತ್ತ್ವವನ್ನು ನಾನು ನಿಜವಾಗಿ ನಂಬುವುದಾದರೆ, ನಾವು ನೆಲೆಸಿರುವ ಈ ದೇಶದ ಮಕ್ಕಳಿಗೂ ಅದು ಅನ್ವಯಿಸಬೇಕಲ್ಲವೇ? ಇಲ್ಲಿಯೂ ಮನೆಗಾಗಿ ಕಾಯುವ ಮಕ್ಕಳಿದ್ದಾರೆ. ನಮ್ಮ ಬಣ್ಣ, ನಮ್ಮ ಮಾತು ಅವರಿಗೆ ಹೊಸದಿರಬಹುದು. ಆದರೆ ಅವರ ಶಾಲೆ, ಅವರ ಗೆಳೆಯರು, ಅವರ ಅಜ್ಜಿ ಇರುವ ಊರು ಬಸ್ಸಿನ ದೂರದಲ್ಲಿರುತ್ತವೆ. ತಾಯಿಯನ್ನು ನೋಡಬೇಕು ಎಂದು ಮಗು ಕೇಳಿದರೆ ವೀಸಾ ಬೇಕಾಗುವುದಿಲ್ಲ. ಪರದೇಶವೆಂದು ನಾವು ಕರೆಯುವ ಈ ಊರು ಅಂಥ ಮಗುವಿಗೆ ಸ್ವದೇಶ. ಅಂತರದೇಶೀಯ ಅರ್ಜಿಯನ್ನು ಮುಂದುವರಿಸುವುದೇ, ಇಲ್ಲಿಯ ಪಟ್ಟಿಗೆ ಹೆಸರು ಕೊಡುವುದೇ ಎಂಬುದನ್ನು ಇನ್ನೂ ತೀರ್ಮಾನಿಸಿಲ್ಲ. ನಾನು ಇಲ್ಲಿಯ ಕಡೆಗೆ ವಾಲುತ್ತಿದ್ದೇನೆ, ನನ್ನ ಪತಿ ಇನ್ನೂ ಎರಡನ್ನೂ ತೂಗುತ್ತಿದ್ದಾರೆ.

ಮುಂದಿನ ತಿಂಗಳು ನಮ್ಮ ಊರಿನ ಮಕ್ಕಳ ಕಲ್ಯಾಣ ಇಲಾಖೆಯವರು ಪಾಲನಾ ಕುಟುಂಬಗಳಿಗಾಗಿ ಒಂದು ಮಾಹಿತಿ ಸಭೆ ಕರೆದಿದ್ದಾರೆ. ಇಬ್ಬರೂ ಹೋಗುತ್ತೇವೆ. ಒಡಹುಟ್ಟಿದವರನ್ನು ಬೇರೆ ಬೇರೆ ಮನೆಗಳಿಗೆ ಹಂಚಬೇಕಾಗಿ ಬಂದಿರುವ ಮಕ್ಕಳು ಈಗ ಎಷ್ಟು ಮಂದಿ ಇದ್ದಾರೆ ಎಂದು ಮೊದಲು ಕೇಳಬೇಕೆಂದಿದ್ದೇನೆ.